ಪ್ರಾರ್ಥನೆಯ ಹೊತ್ತಿನ ಹೊಲಿಗೆ

ಟಕಟಕ, ಟಕಟಕ. ರಾತ್ರಿ ಹತ್ತರ ಮೇಲೆ ಫೋನಿನೊಳಗೆ ಆ ಸಣ್ಣ ಸದ್ದು ಮತ್ತೆ ಶುರುವಾಯಿತು. ಶ್ರೀಲತಾ ಉಸಿರು ಹಿಡಿದು ಕೇಳಿದಳು. ವೈ.ಎನ್.ಹೊಸಕೋಟೆಯ ಮಂಗಳಾ ಪ್ರಾರ್ಥಿಸುವಾಗ ಅದು ನಿಂತಿತು, ಅವಳು ಮುಗಿಸಿದೊಡನೆ ಮತ್ತೆ ಕೇಳಿಸಿತು. ಹೊಲಿಗೆ ಮಿಷನ್ನು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ್ದ ಐದಾರು ಕ್ರೈಸ್ತ ವಿಶ್ವಾಸಿಗಳು ಪ್ರತಿ ರಾತ್ರಿ ಹೀಗೆ ಫೋನಿನಲ್ಲೇ ಕೂಡುತ್ತಿದ್ದರು. ಬಹಳ ಮಂದಿ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಕೊರಟಗೆರೆಯಲ್ಲಿ ಕೂತು ಎಲ್ಲರನ್ನೂ ಕರೆಗೆ ಸೇರಿಸುವವಳು ಶ್ರೀಲತಾ. ಯಾರ ಮನೆಯಲ್ಲಿ ಟೀವಿ ಕೂಗುತ್ತಿದೆ, ಶಿರಾದ ಇಸಾಕ್ ಯಾವಾಗ ತೂಕಡಿಸಿದ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದೆಲ್ಲ ಅವಳ ನಿದ್ದೆ ಕೆಡಿಸುತ್ತಿತ್ತು.

ಆ ವಾರದ ಪ್ರಾರ್ಥನೆ ತೋವಿನಕೆರೆಯ ಜಯಣ್ಣನಿಗಾಗಿ. ಮನೆಗೆ ಬೆಂಕಿ ಬಿದ್ದು, ಹೆಂಡತಿ ಮತ್ತು ಮೂರು ಮಕ್ಕಳೊಂದಿಗೆ ಉಟ್ಟ ಬಟ್ಟೆಯಲ್ಲೇ ಹೊರಗೆ ಬಂದಿದ್ದ. ಏನಾದರೂ ಕಳಿಸುತ್ತೇವೆ ಎಂದವರಿಗೆ, ಪ್ರಾರ್ಥನೆ ಸಾಕು ಅಂದುಬಿಟ್ಟ ಸ್ವಾಭಿಮಾನಿ. ಮಂಗಳಾ ಮಾತ್ರ ಮಕ್ಕಳ ವಯಸ್ಸು ಕೇಳಿದ್ದಳು, ಒಬ್ಬೊಬ್ಬರಿಗಾಗಿಯೂ ಪ್ರಾರ್ಥಿಸುತ್ತೇನೆ ಎಂದು. ಅಂಥವಳೇ ಈಗ ಪ್ರಾರ್ಥನೆಯ ನಡುವೆ ಮಿಷನ್ನು ತುಳಿಯುತ್ತಿದ್ದಳು.

ಕರೆ ಮುಗಿದ ಮೇಲೆ ಮಧುಗಿರಿಯ ರೇಣುಕಯ್ಯ, ಎಲ್ಲರಿಗೂ ಹಿರಿಯರು, ಬೇರೆಯಾಗಿ ಫೋನು ಮಾಡಿದರು. ಹೊಟ್ಟೆಪಾಡು ಎಲ್ಲರಿಗೂ ಇದೆ, ದೇವರ ಸನ್ನಿಧಿಯಲ್ಲಿ ವ್ಯಾಪಾರ ಬೇಡ, ಬುದ್ಧಿ ಹೇಳು, ಕೇಳದಿದ್ದರೆ ಅವಳನ್ನು ಸೇರಿಸಬೇಡ ಎಂದರು.

ಹೊಸಕೋಟೆಯಲ್ಲಿ ವಿಶ್ವಾಸಿಗಳ ಮನೆ ಮಂಗಳಾಳದೊಂದೇ. ಈ ಕರೆಯೂ ತಪ್ಪಿದರೆ ಅವಳ ಜೊತೆ ಆಮೆನ್ ಅನ್ನುವವರೇ ಇಲ್ಲ. ಎದುರು ಕೂತು ಹೇಳಬೇಕಾದ ಮಾತೆಂದು ಶ್ರೀಲತಾ ಬಸ್ಸು ಹತ್ತಿದಳು. ಮಧುಗಿರಿ, ಪಾವಗಡ, ಆಮೇಲೆ ಕಡಲೆಕಾಯಿ ಹೊಲಗಳ ನಡುವೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನೋಯದಂಥ ಮಾತು ಹುಡುಕಿದಳು, ಸಿಕ್ಕಲಿಲ್ಲ.

ಒಂದೇ ಕೋಣೆಯ ಮನೆ. ಅಂಗಡಿಯವರು ಹೊಲಿಯಲು ಕೊಟ್ಟ ರವಿಕೆಗಳ ಗಂಟು ಮೂಲೆಯಲ್ಲಿತ್ತು. ಮಂಚದ ಮೇಲೆ ಬೇರೆಯಾಗಿ ಎರಡು ಪುಟ್ಟ ಲಂಗ, ಒಂದು ಅಂಗಿ. ಲಂಗದ ಜರಿಯಂಚನ್ನು ಎಲ್ಲೋ ನೋಡಿದಂತಿತ್ತು. ಗೋಡೆಯ ಮದುವೆ ಫೋಟೋದಲ್ಲಿ ಮಂಗಳಾ ಉಟ್ಟಿದ್ದ ಸೀರೆ ಅದೇ.

ಶ್ರೀಲತಾಳ ಕಣ್ಣು ಹೋದ ಕಡೆ ನೋಡಿ ಮಂಗಳಾ ನಾಚಿದಳು. ಲಂಗದ ಅಂಚು ತಿರುವಿ ತೋರಿಸಿದಳು.

“ವಯಸ್ಸು ಗೊತ್ತು, ಅಳತೆ ಗೊತ್ತಿಲ್ಲ ಕಣಕ್ಕಾ. ಅದ್ಕೇ ಒಳಗೆ ಬಟ್ಟೆ ಮಡಿಸಿ ಬುಟ್ಟಿವ್ನಿ. ಸಾಲದಿದ್ರೆ ಬಿಚ್ಕೊಳ್ಳಲಿ.”

ಹಗಲೆಲ್ಲ ಅಂಗಡಿ ಕೆಲಸ, ಸ್ವಂತಕ್ಕೆ ಉಳಿಯುವುದು ಪ್ರಾರ್ಥನೆಯ ಹೊತ್ತೊಂದೇ ಎಂದಳು. ಸದ್ದು ಎಲ್ಲರಿಗೂ ಕೇಳಿಸುತ್ತದೆ ಎಂದಾಗ ನಾಲಿಗೆ ಕಚ್ಚಿಕೊಂಡಳು. ಹಾಗಾದರೆ ವಿಷಯ ರೇಣುಕಯ್ಯನವರಿಗೆ ಹೇಳಿಬಿಡುತ್ತೇನೆ ಎಂದಳು ಶ್ರೀಲತಾ.

“ಬ್ಯಾಡಕ್ಕಾ. ನಂದು ಅಂತ ತಿಳಿದ್ರೆ ಜಯಣ್ಣ ನನ್ನ ದನಿ ಕೇಳಿದಾಗೆಲ್ಲ ತಲೆ ತಗ್ಗಿಸ್ತಾನೆ. ಆಮೇಲೆ ಇಬ್ರೂ ಒಂದೇ ಸಮ ಆಮೆನ್ ಅನ್ನಕ್ಕಾಗಲ್ಲ. ನನ್ನ ಕರೆಯಿಂದ ತೆಗೆದ್ರೂ ಪರ್ವಾಲೇದು.”

ಶ್ರೀಲತಾ ಲಂಗಗಳನ್ನೂ ಅಂಗಿಯನ್ನೂ ಮಡಿಸಿ, ತಾನೇ ಕಳಿಸಲೆಂದು ಗಂಟು ಕಟ್ಟಿಕೊಂಡಳು. ಆಮೇಲೆ, ಹೊಲಿ, ಸದ್ದಿನ ಚಿಂತೆ ನನಗಿರಲಿ ಎಂದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಗಂಟು ನೋಡಿ, ಬಟ್ಟೆ ವ್ಯಾಪಾರವೇ ಎಂದು ಕೇಳಿದಳು. ಅಲ್ಲ, ನಮ್ಮವರು ಕೊಟ್ಟದ್ದು ಎಂದಳು ಶ್ರೀಲತಾ, ನೆಟ್ಟಗೆ ಕೂತು. ಆ ‘ನಮ್ಮವರು’ ಮಧುಗಿರಿಯವರೆಗೂ ಅವಳ ಬಾಯಲ್ಲಿ ಸಿಹಿಯಾಗಿತ್ತು. ಮಾರನೇ ದಿನ ತೋವಿನಕೆರೆಯ ಬಸ್ಸಿನ ಕಂಡಕ್ಟರ್ ಕೈಗೆ ಗಂಟು ಕೊಟ್ಟಳು. ಜಯಣ್ಣನ ಹೆಸರು ಹೇಳಿದಳು, ತನ್ನ ಹೆಸರು ಹೇಳಲಿಲ್ಲ.

ಆ ರಾತ್ರಿ ಕರೆಯಲ್ಲಿ ಜಯಣ್ಣ ಗಂಟು ಬಂದದ್ದನ್ನು ಹೇಳಿದ. ಯಾರೆಂದು ತಿಳಿಯದ ಕೈಗಳಿಗಾಗಿ ಕರ್ತನಿಗೆ ಸ್ತೋತ್ರ ಹೇಳಿದ. ದೊಡ್ಡವಳು ಮಲಗುವಾಗಲೂ ಲಂಗ ಬಿಚ್ಚಲೊಲ್ಲಳಂತೆ. ಎಲ್ಲರೂ ಆಮೆನ್ ಅಂದರು, ಮಂಗಳಾಳೂ ಅಂದಳು. ಹಿಂದೆಯೇ ಟಕಟಕ, ಟಕಟಕ. ಈಗ ಜಯಣ್ಣನ ಹೆಂಡತಿಯ ರವಿಕೆ.

“ಆ ಸದ್ದು ಇನ್ನೂ ಇದೆಯಲ್ಲಮ್ಮ, ಶ್ರೀಲತಾ,” ಎಂದರು ರೇಣುಕಯ್ಯ.

“ಅದರ ಹೊಣೆ ನನ್ನದಣ್ಣ. ಅದು ಇರಲಿ.”

“ಅಕ್ಕ ಟೈಲರ್ ಆಗಿಬುಟ್ರು ಅನ್ನಿ,” ಎಂದ ಇಸಾಕ್. “ನಂದೊಂದು ಪ್ಯಾಂಟು ಐತೆ.”

ಜಯಣ್ಣನೇ ಮೊದಲು ನಕ್ಕ, ಬೆಂಕಿ ಬಿದ್ದ ಮೇಲೆ ಇದೇ ಮೊದಲ ಸಲ. ರೇಣುಕಯ್ಯ ಗಂಟಲು ಸರಿಮಾಡಿಕೊಂಡು ಬೈಬಲಿನ ವಾಕ್ಯ ಓದಲು ತೊಡಗಿದರು.

ಕರೆ ಮುಗಿಯಿತು. ಮುಖ ಯಾಕೆ ಹೀಗೆ ಅರಳಿದೆ ಎಂದು ಗಂಡ ಕೇಳಿದ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ಶ್ರೀಲತಾ ತಡೆದಳು. ಇವನಿಗೂ ಬೇಡ, ಯಾರಿಗೂ ಬೇಡ. ಏನಿಲ್ಲ ಎಂದು ದೀಪ ಆರಿಸಿದಳು.