ಅಲುಗಿಸದೆ ಬಿಟ್ಟ ಟ್ಯೂಬು

ಅಂಚಿನಲ್ಲಿ ರಾಶಿ, ನೇರಳೆ ಬಣ್ಣದ ಸಣ್ಣ ರಾಶಿ, ಪಕ್ಕದಲ್ಲೇ ಇನ್ನೊಂದು, ಮೈಕ್ರೋಸ್ಕೋಪಿನ ಲೆನ್ಸಿನ ಮೇಲಿನ ಧೂಳಿರಬೇಕು, ಒರೆಸಿ ನೋಡಿದ್ದಾಯಿತು, ಧೂಳಲ್ಲ, ಹಾಗಾದರೆ ನನ್ನ ಕಣ್ಣಿನದೇ ತೊಂದರೆ, ಬೆಳಗಿನಿಂದ ಈ ಸ್ಟೂಲಿನ ಮೇಲೆ ಕೂತು ಬೆನ್ನು ಹಿಡಿದುಕೊಂಡಿದೆ, ಕಣ್ಣು ಮಾತ್ರ ನೆಟ್ಟಗೆ ಇರು ಎಂದರೆ ಇರುತ್ತದೆಯೇ — ಸ್ಲೈಡನ್ನು ಸ್ವಲ್ಪ ಸರಿಸಿದರೆ ಅಲ್ಲೂ ರಾಶಿ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಕೂತಿವೆ, ಹೀಗೆ ಕೂತರೆ ಮೆಷಿನ್ನಿಗೆ ಎಣಿಸಲು ಬರುವುದಿಲ್ಲ, ಇಡೀ ಗುಂಪನ್ನು ಒಂದೇ ಒಂದು ಎಂದುಕೊಳ್ಳುತ್ತದೆ, ಅದೂ ದೊಡ್ಡದು ಎಂದು, ಇಲ್ಲವೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಎಣಿಕೆ ಇಳಿದಂತೆ ಕಾಣುತ್ತದೆ, ಗಾತ್ರ ಏರಿದಂತೆ ಕಾಣುತ್ತದೆ, ಎರಡೂ ಸುಳ್ಳು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಹೇಳಿಕೊಡುವವಳು ನಾನೇ. ಸ್ಲೈಡಿನ ತುದಿಯಲ್ಲಿ ಪೆನ್ಸಿಲಿನಿಂದ ಬರೆದಿರುವ ಹೆಸರು ನನ್ನ ತಮ್ಮನದು, ಬರೆದ ಕೈಯೂ ನನ್ನದೇ, ಮತ್ತೆ ಆಗಲೇ ಫೋನು ಮಾಡಿ ಹೇಳಿಯೂ ಬಿಟ್ಟಿದ್ದೇನೆ, ಇಳಿದಿದೆ ಕಣೋ ಗುಂಡ, ಚೆನ್ನಾಗಿದೆ, ಇನ್ನು ಆರಾಮಾಗಿರು. ಹೇಳಿದ ಮೇಲೆ ಒಂದು ಟೀ ಕುಡಿದೆ, ಎಷ್ಟೋ ದಿನಗಳ ಮೇಲೆ ಟೀಗೆ ಟೀಯ ರುಚಿ ಇತ್ತು.

ಗುಂಡ ಅವನ ಹೆಸರಲ್ಲ, ಮಗುವಾಗಿದ್ದಾಗ ಗುಂಡುಗುಂಡಗಿದ್ದ ಎಂದು ಅಮ್ಮ ಇಟ್ಟಿದ್ದು, ದೊಡ್ಡ ಕರುಳಿನಲ್ಲಿ ಹುಣ್ಣು ಶುರುವಾದ ಮೇಲೆ ಒಣಗಿ ಕಡ್ಡಿಯಾದ, ಕರೆಯುವುದಕ್ಕೇ ಮುಜುಗರವಾಗುತ್ತಿತ್ತು, ಆಮೇಲೆ ಸ್ಟೆರಾಯ್ಡ್ ಮಾತ್ರೆ ಬಂತು, ಕೈಕಾಲು ಹಾಗೇ ಉಳಿದು ಮುಖವೊಂದೇ ಊದಿಕೊಂಡಿತು, ನೋಡಕ್ಕ, ಅಮ್ಮ ಇಟ್ಟ ಹೆಸರು ಮತ್ತೆ ಸರಿಹೋಯ್ತು ಎಂದು ತಾನೇ ನಕ್ಕ, ನಾವು ಯಾರೂ ನಗಲಿಲ್ಲ. ಇವತ್ತು ಬೆಳಿಗ್ಗೆ ಬೇರೆ ಯಾರೂ ಬರುವ ಮುಂಚೆಯೇ ಬಂದು ತೋಳು ಮಡಚಿ ಕೂತಿದ್ದ, ಬೇರೆಯವರು ಚುಚ್ಚಿದ್ರೆ ಅದು ಸೂಜಿ, ನೀನು ಚುಚ್ಚಿದ್ರೆ ಚಿಕ್ಕಂದಲ್ಲಿ ಗಿಲ್ತಿದ್ದ ಹಾಗೆ, ಅಭ್ಯಾಸ ಇದೆ ನನಗೆ. ನರ ಸಿಗಲಿಲ್ಲ, ತಡಕಿ ತಡಕಿ ಒಂದು ಸಿಕ್ಕಿತು, ರಕ್ತ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು, ಅವನು ಅದನ್ನೇ ನೋಡುತ್ತ, ಬರೋಕೆ ನಾಚ್ಕೋತಿದೆ ಅಕ್ಕ, ಹೊಸಬರು ಯಾರೋ ಬಂದಿದಾರೆ ಅಂತ ಒಳಗೇ ನಿಂತ್ಕೊಂಡಿದೆ, ಎಂದ, ನನಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಸೂಜಿ ತೆಗೆದೆ, ಹತ್ತಿ ಒತ್ತಿ ಹಿಡಿಯಬೇಕಲ್ಲ ಎಂದು ಟ್ಯೂಬನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟೆ — ಅಲ್ಲಿಗೆ ಮುಗಿಯಿತು. ರಕ್ತ ತುಂಬಿದ ಕೂಡಲೇ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಮೇಲೆತ್ತಬೇಕು, ಮತ್ತೆ ತಲೆಕೆಳಗು, ಮತ್ತೆ ಮೇಲೆ, ಆಗಲೇ ಒಳಗೆ ಸವರಿರುವ ಔಷಧಿ ರಕ್ತಕ್ಕೆಲ್ಲ ಬೆರೆಯುವುದು, ಬೆರೆಯದಿದ್ದರೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಹೀಗೆ ರಾಶಿ ಕೂರುತ್ತವೆ, ನಿದ್ದೆಯಲ್ಲಿ ಎಬ್ಬಿಸಿದರೂ ಈ ಕೈ ಅದನ್ನು ತಾನಾಗಿ ಮಾಡುತ್ತದೆ, ಯಾರದೋ ರಕ್ತಕ್ಕೆಲ್ಲ ಮಾಡಿದ ಕೈ ಅವನದಕ್ಕೆ ಮಾಡಲಿಲ್ಲ.

ಬೇರೆ ಟೆಸ್ಟು ತಪ್ಪಿದ್ದರೆ ಇಷ್ಟು ಹೆದರುತ್ತಿರಲಿಲ್ಲ, ಆದರೆ ಡಾಕ್ಟರು ಹಿಂದಿನ ಸಲವೇ ಹೇಳಿದ್ದರು, ಎಲ್ರಿಗೂ ಹೀಗೇ ಅಂತಲ್ಲಮ್ಮ, ನಿಮ್ಮ ತಮ್ಮನಲ್ಲಿ ಮಾತ್ರ ಪ್ಲೇಟ್‌ಲೆಟ್ ಮೊದಲು ಹೇಳುತ್ತೆ, ಹೊಟ್ಟೆ ಆಮೇಲೆ ಹೇಳುತ್ತೆ. ಹೌದು, ಪ್ರತಿ ಸಲವೂ ಹಾಗೇ, ಕರುಳು ಕೆರಳುವ ಮುಂಚೆ ಪ್ಲೇಟ್‌ಲೆಟ್ ಎಣಿಕೆ ಮೇಲೇರಿದೆ, ಗಾತ್ರ ಸಣ್ಣದಾಗಿದೆ, ಮೂಳೆಯೊಳಗಿನ ಮಜ್ಜೆ ಗಾಬರಿಬಿದ್ದು ಸಣ್ಣಸಣ್ಣವನ್ನೇ ಸುರಿದಂತೆ, ಮತ್ತೆ ತಣ್ಣಗಾದಾಗ ಎಣಿಕೆ ಇಳಿದಿದೆ, ಗಾತ್ರ ಏರಿದೆ, ಅದಕ್ಕೇ ಈ ಸಲದ ಎಣಿಕೆಗೆ ಅಮ್ಮ, ಅವನು, ನಾನು ಮೂವರೂ ಬಾಯಿಬಾಯಿ ಬಿಟ್ಟು ಕಾದಿದ್ದು. ಇಳಿದಿದ್ದರೆ ಮಾತ್ರೆ ಕಡಿಮೆ ಮಾಡೋಣ, ನಾಳೆ ಪೈಪ್ ಹಾಕಿ ನೋಡೋದು ಬೇಡ, ಅವನು ಸೋಮವಾರದಿಂದ ವ್ಯಾನ್ ಓಡಿಸಲಿ, ಏರಿದ್ದರೆ ಇನ್ನು ಔಷಧಿಗೆ ಬಗ್ಗುವ ಹಾಗೆ ಕಾಣಲ್ಲ, ಆ ಕರುಳು ತೆಗೆಯೋ ಮಾತೇ ಆಡ್ಬೇಕಾಗುತ್ತೆ, ಎಂದು ಡಾಕ್ಟರು ನಿನ್ನೆ ಹೇಳಿದ್ದರು. ಗುಂಡ ಅದಕ್ಕೆ, ಮಲ ಹೋಗೋಕೆ ಹೊಟ್ಟೆಗೆ ಚೀಲ ಕಟ್ಟಿಕೊಂಡು ಸ್ಕೂಲ್ ಮಕ್ಕಳ ವ್ಯಾನ್ ಓಡಿಸ್ಲಾ ಅಕ್ಕ, ಆ ಮಕ್ಕಳು ಬಿಡ್ತವಾ, ಅಂಕಲ್ ಅದೇನು ಅಂತ ಮುಟ್ಟಿ ನೋಡ್ತವೆ, ಎಂದಿದ್ದ. ಆ ಮಕ್ಕಳ ಮುಂದೆಯೇ ಒಂದು ದಿನ ಪೆಟ್ರೋಲ್ ಬಂಕಿನ ಶೌಚಾಲಯದವರೆಗೂ ತಡೆಯಲಾಗದೆ ಹೋಗಿತ್ತು, ಅಂದೇ ಕೀಲಿಯನ್ನು ಮಾಲೀಕರ ಮನೆಗೆ ಕೊಟ್ಟು ನಡೆದುಕೊಂಡು ಬಂದಿದ್ದ, ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದ್ದ. ಅಮ್ಮ ಇವತ್ತು ಫೋನಿನಲ್ಲಿ, ನಿನ್ನ ಬಾಯಿಗೆ ಸಕ್ಕರೆ ಹಾಕ, ಅವನು ಹಲ್ಲು ಕಾಣೋ ಹಾಗೆ ನಕ್ಕ ಕಣೇ, ಎಂದಳು, ಹಿಂದೆಯೇ ಅವನು ಏನೋ ಹಾಡು ಗುನುಗುವುದು ಕೇಳಿಸಿತು.

ಮೆಷಿನ್ನು ಹೇಳದೇ ಇರಲಿಲ್ಲ, ಎಣಿಕೆಯ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಹಾಕಿತ್ತು, ನಕ್ಷತ್ರ ಕಂಡರೆ ಸ್ಲೈಡ್ ನೋಡದೆ ಯಾರಿಗೂ ಏನೂ ಹೇಳಬಾರದು, ಕಂಡಿದ್ದೆ, ಕಂಡೂ ಕಾಣದ ಹಾಗೆ ಇದ್ದೆ, ಬೇಕಿದ್ದ ಸಂಖ್ಯೆ ಕಣ್ಣೆದುರು ಬಂದು ನಿಂತಿತ್ತು, ಆ ಸಂತೋಷಕ್ಕೆ ಕೈ ತಾನಾಗಿ ಫೋನಿಗೆ ಹೋಯಿತು. ಸುಸ್ತಾಗಿದೆ ನನಗೆ, ಇಷ್ಟು ವರ್ಷ ಅವನ ಕರುಳನ್ನು ನಾನೂ ಹೊತ್ತು ತಿರುಗಿದ್ದೇನೆ, ಒಂದು ಮಧ್ಯಾಹ್ನದ ಮಟ್ಟಿಗೆ ಕೆಳಗಿಳಿಸಿದ್ದೆ ಅಷ್ಟೇ. ಸಂಜೆಯವರೆಗೆ ಸುಮ್ಮನಿರಲೇ, ಒಂದು ಸಂಜೆ ನಕ್ಕುಕೊಂಡಿರಲಿ, ನಾಳೆ ಯಾವುದೋ ನೆಪ ಹೇಳಿ ಮತ್ತೆ ರಕ್ತ ತೆಗೆದರಾಯಿತು — ಆದರೆ ಮಾತ್ರೆ, ಖುಷಿಯಲ್ಲಿ ಮಧ್ಯಾಹ್ನದ ಮಾತ್ರೆ ಬಿಟ್ಟಿದ್ದರೆ, ಅವನನ್ನು ನಾನು ಬಲ್ಲೆ, ಬಿಟ್ಟೇ ಇರುತ್ತಾನೆ, ಸ್ಟೆರಾಯ್ಡನ್ನು ಹಾಗೆ ಒಮ್ಮೆಗೇ ಬಿಡುವಂತಿಲ್ಲ. ಬಾಗಿಲಾಚೆ ಕಾರಿಡಾರಿನಲ್ಲಿ ನೆಲ ಒರೆಸಿದ ಫಿನಾಯಿಲ್ ವಾಸನೆ, ಯಾರೋ ವೀಲ್‌ಚೇರ್ ತಳ್ಳಿಕೊಂಡು ಹೋಗುತ್ತಿದ್ದಾರೆ, ಅದರ ಒಂದು ಚಕ್ರ ಕಿರುಗುಡುತ್ತಿದೆ, ಅವನ ನಂಬರು ಒತ್ತಿದ್ದೇನೆ, ರಿಂಗಾಗುತ್ತಿದೆ, ಎತ್ತಬೇಡ, ಎತ್ತಬೇಡ ಕಣೋ, ಎತ್ತಿದ, ಹಿಂದೆ ನೀರು ಸುರಿಯುವ ಸದ್ದು. ವ್ಯಾನ್ ತೊಳೀತಿದೀನಿ ಅಕ್ಕ, ಮಾಲೀಕರೇ ಕೀಲಿ ತಂದುಕೊಟ್ರು. ಗುಂಡ, ಇನ್ನೊಂದು ಸಲ ಬರ್ತೀಯಾ, ರಕ್ತ ತೆಗೀಬೇಕು. ಯಾಕೆ. ಬೆಳಿಗ್ಗೆ ಟ್ಯೂಬ್ ಅಲುಗಿಸೋದು ಮರೆತೆ ಕಣೋ, ಆ ನಂಬರು ಸುಳ್ಳು, ನಾನು ನೋಡ್ಕೊಂಡು ಹೇಳ್ಬೇಕಿತ್ತು, ನೋಡದೇ ಹೇಳ್ಬಿಟ್ಟೆ. ನೀರು ನಿಂತಿತು. ಬೈಯಲಿ ಎಂದು ಕಾದೆ, ಒಂದು ಜೋಕು ಹಾರಿಸಿದರೂ ಸಾಕಿತ್ತು. ಹಾಗಾದ್ರೆ ಅದು ನಿಜಾನೇ ಇರ್ಬೇಕು ಅಕ್ಕ, ಎಂದ. ಯಾವುದು ಕಣೋ. ಆಗ್ಲೇ ಊಟ ಆದ್ಮೇಲೆ ಟಾಯ್ಲೆಟ್‌ಗೆ ಹೋಗಿದ್ದೆ, ಕೆಂಪಗಿತ್ತು, ನೀನು ಇಳಿದಿದೆ ಅಂದಿದ್ಯಲ್ಲ, ನಿನ್ನೆ ತಿಂದ ಬೀಟ್‌ರೂಟ್ ಇರ್ಬೇಕು ಅಂತ ನೀರು ಹಾಕಿ ಬಂದ್ಬಿಟ್ಟೆ. ಅವನು ಇನ್ನೂ ಏನೋ ಹೇಳುತ್ತಿದ್ದಾನೆ, ಅಮ್ಮನಿಗೆ ಈಗಲೇ ಹೇಳ್ಬೇಡ, ಕೈಕಾಲು ತೊಳ್ಕೊಂಡು ಬರ್ತೀನಿ, ಹ್ಞೂಂ ಎನ್ನುತ್ತಿದ್ದೇನೆ, ಅವನ ಕಣ್ಣಿಗೆ ಕಂಡ ರಕ್ತಕ್ಕಿಂತ ನನ್ನ ಬಾಯಿಯ ಮಾತನ್ನು ನಂಬಿದ್ದಾನೆ, ಹ್ಞೂಂ, ಬಾ, ಕಾಯ್ತಿರ್ತೀನಿ, ಇನ್ನೊಂದು ಕೈ ಯಾವಾಗಲೋ ಟ್ರೇಯಿಂದ ನೇರಳೆ ಮುಚ್ಚಳದ ಹೊಸ ಟ್ಯೂಬು ಎತ್ತಿಕೊಂಡಿದೆ, ಒಳಗೆ ಒಂದು ತೊಟ್ಟೂ ಇಲ್ಲ, ತಲೆಕೆಳಗು, ಮೇಲೆ, ಮೆಲ್ಲಗೆ, ತಲೆಕೆಳಗು, ಮೇಲೆ, ಖಾಲಿ ಟ್ಯೂಬು, ತಲೆಕೆಳಗು, ಮೇಲೆ