ಕಪ್ಪು ಬಟ್ಟೆ ತಂಗಿಯ ಪಾಲಿಗೆ

ಹೊಲಿಗೆ ಅಂಗಡಿಗೆ ಬರುವವರಿಗೆ ಅವರಿಬ್ಬರನ್ನು ಗುರುತಿಸಲು ಒಂದೇ ದಾರಿ: ಎಂಥ ಬಿಸಿಲಲ್ಲೂ ತುಂಬುತೋಳು ತೊಟ್ಟವಳು ಅಕ್ಕ, ಇನ್ನೊಬ್ಬಳು ತಂಗಿ. ಅವಳಿಗಳು. ಒಂದೇ ಮೂಗು, ಒಂದೇ ನಗು, ಸಿಟ್ಟು ಬಂದರೆ ಮುಖ ಊದಿಸಿಕೊಳ್ಳುವುದೂ ಒಂದೇ ತರ. ಅಕ್ಕನ ಮೊಣಕೈ, ಬೆನ್ನಿನ ಮೇಲೆ ಮಾತ್ರ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ಸೋರಿಯಾಸಿಸ್. ಹೈಸ್ಕೂಲಿನಲ್ಲಿದ್ದಾಗ ಬಂದದ್ದು ಇನ್ನೂ ಹೋಗಿಲ್ಲ. ಉದುರಿದ ಹೊಟ್ಟು ಎದ್ದು ಕಾಣುತ್ತದೆಂದು ಕಪ್ಪು ಬಟ್ಟೆಯನ್ನೆಲ್ಲ ತಂಗಿಯೇ ಹೊಲಿಯುತ್ತಿದ್ದಳು. ಹೀಗೆಂದು ಇಬ್ಬರೂ ಯಾವತ್ತೂ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ.

ಮನೆಯಲ್ಲಂತೂ ಈ ಕಾಯಿಲೆ ಯಾರ ಕಡೆಯಿಂದ ಬಂತೆಂಬುದು ಮುಗಿಯದ ವ್ಯಾಜ್ಯ. "ನಿಮ್ಮ ಕಡೆ ರಕ್ತ" ಎಂದು ಅಮ್ಮ, "ನಿಮ್ಮಣ್ಣ ದಿನವಿಡೀ ಕೆರ್ಕೊಳ್ತಿದ್ದದ್ದು ಮರೆತೋಯ್ತಾ?" ಎಂದು ಅಪ್ಪ. ಅವರ ಜಗಳ ಕೇಳಿದರೆ ಅಕ್ಕನಿಗೆ ಒಳಗೊಳಗೇ ಸಮಾಧಾನ. ರಕ್ತ ಯಾರದಾದರೂ ಆಗಲಿ, ತಪ್ಪು ತನ್ನದಲ್ಲವಲ್ಲ.

ಆ ಸಮಾಧಾನಕ್ಕೂ ಕಲ್ಲು ಬಿತ್ತು. ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು.

"ಇಬ್ಬರದ್ದೂ ಒಂದೇ. ಈ ಕಾಯಿಲೆಗೆ ದಾರಿ ಮಾಡಿಕೊಡೋ ಜೀನ್ ನಿಮ್ಮಲ್ಲೂ ಇದೆ, ನಿಮ್ಮ ತಂಗಿಯಲ್ಲೂ ಇದೆ" ಎಂದರು.

"ಮತ್ತೆ ಅವಳಿಗ್ಯಾಕೆ ಬಂದಿಲ್ಲ?"

"ಜೀನ್ ಒಂದೇ ಸಾಲ್ದಮ್ಮ, ಜೊತೆಗೆ ಇನ್ನೇನೋ ಸೇರ್ಬೇಕು. ಗಂಟಲು ನೋವೋ, ಗಾಯಾನೋ, ಮನಸ್ಸಿನ ಕಷ್ಟಾನೋ. ನಿಮಗೆ ಯಾವುದು ಅಂತ ಹೇಳೋಕೆ ನನಗೂ ಆಗಲ್ಲ."

"ಅಂದ್ರೆ ನಾನೇ ಏನೋ ಮಾಡ್ಕೊಂಡೆ ಅಂತಾನಾ?"

"ಖಂಡಿತ ಅಲ್ಲ" ಎಂದು ಡಾಕ್ಟರಮ್ಮ ಮತ್ತೆ ಬಿಡಿಸಿ ಹೇಳಿದರು. ಅಕ್ಕ ತಲೆಯಾಡಿಸಿದಳೇ ಹೊರತು ಒಂದೂ ತಲೆಗೆ ಹೋಗಲಿಲ್ಲ.

ಅಂಗಡಿಗೆ ಬಂದು, ಡಾಕ್ಟರಮ್ಮ ಹೇಳಿದ್ದನ್ನು ತಂಗಿಗೂ ಹೇಳಿ ಕತ್ತರಿ ಹಿಡಿದರೂ ಅದೇ ಯೋಚನೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಹೊದಿಕೆಗೆ ಕಿತ್ತಾಡಿದವರು. ತಂಗಿ ಮಾಡದ್ದು ತಾನೇನು ಮಾಡಿದೆ? ನೋಡಿದರೆ ಯಾರದೋ ರವಿಕೆಗೆ ಎರಡೂ ಎಡತೋಳೇ ಕತ್ತರಿಸಿಟ್ಟಿದ್ದಳು.

ತಂಗಿ ನಗಲಿಲ್ಲ. ಬಾಗಿಲು ಅರ್ಧ ಮುಚ್ಚಿ, ಅಕ್ಕನನ್ನು ಬಟ್ಟೆ ಹಾಕಿ ನೋಡುವ ಪರದೆಯ ಹಿಂದಕ್ಕೆ ಕರೆದಳು. ರವಿಕೆ ಬಿಚ್ಚಿ ಬೆನ್ನು ಕೊಟ್ಟು ನಿಂತಳು.

"ನೋಡೇ ಅಕ್ಕ, ಏನಾದ್ರೂ ಶುರುವಾಗಿದ್ಯಾ? ನಂಗೆ ಭಯ ಆಗ್ತಿದೆ."

ನುಣುಪಾದ ಬೆನ್ನು. ತನ್ನದೂ ಹೀಗೇ ಇರಬಹುದಾಗಿದ್ದ ಬೆನ್ನು. ಅಕ್ಕ ಬೆಳಕಿಗೆ ತಿರುಗಿಸಿ ಇಂಚಿಂಚೂ ಹುಡುಕಿದಳು. ಭುಜದ ಕೆಳಗೊಂದು ಕೆಂಪು ಗೆರೆ ಕಂಡು ಎದೆ ಧಸಕ್ಕೆಂದಿತು. ಒತ್ತಿ ನೋಡಿದಳು, ಒಳಬಟ್ಟೆಯ ಪಟ್ಟಿ ಊರಿದ ಗುರುತು. ಧಸಕ್ಕೆಂದದ್ದು ಹೆದರಿಕೆಗೋ ಆಸೆಗೋ ಅವಳಿಗೇ ತಿಳಿಯಲಿಲ್ಲ. ತಿಳಿಯಲಿಲ್ಲವೆಂಬುದಕ್ಕೇ ನಾಚಿಕೆಯಾಯಿತು.

"ಏನೂ ಇಲ್ಲ ಕಣೇ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ" ಎಂದಳು ಅಕ್ಕ. ಆದರೂ ರವಿಕೆ ತೊಡಲು ಬಿಡದೆ, ಇನ್ನೊಂದು ಸಲ ಮೇಲಿನಿಂದ ನೋಡತೊಡಗಿದಳು.