ಮಾತು ಮುಗಿಸಿಕೊಟ್ಟವರು

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ದರ್ಜಿ ತನ್ನ ಮಗನ ಹೆಣಕ್ಕೆ ತೊಡಿಸಿದ ಅಂಗಿಯನ್ನು ಬೆನ್ನ ಹಿಂದೆ ಬಿಗಿಮಾಡುತ್ತಿದ್ದ. ತಾನೇ ಅಳತೆ ತೆಗೆದು ಹೊಲಿದ ಅಂಗಿ ಈಗ ದೊಗಳೆಯಾಗಿತ್ತು. ಜ್ವರದಲ್ಲಿ ಹುಡುಗ ಅಷ್ಟು ಇಳಿದುಹೋಗಿದ್ದ. ಬಾಯಲ್ಲಿ ಸೂಜಿಯಿದ್ದರೆ ಯಾರೂ ಮಾತಿಗೆಳೆಯುವುದಿಲ್ಲ ಎಂಬುದನ್ನು ತೊದಲುವ ದರ್ಜಿ ಬಹಳ ಹಿಂದೆಯೇ ಕಂಡುಕೊಂಡಿದ್ದ. ಮಗನಿಗೆ ಅವನಿಂದ ಆಸ್ತಿ ಅಂತ ಬಂದದ್ದು ಆ ತೊದಲು ಒಂದೇ.

ಪಕ್ಕದಂಗಡಿಯ ಕ್ಷೌರಿಕ ಹುಡುಗನ ತಲೆ ಬಾಚುತ್ತ ಕೇಳಿದ. "ಯೂನಿವರ್ಸಿಟಿ ಮೇಡಂ ಬರ್ತಾರಂತೆ. ಏನಾದ್ರೂ ಹೇಳೋದಿದ್ರೆ ನಾನು ಹೇಳ್ಲಾ ಅಣ್ಣ?"

ದರ್ಜಿ ಬೇಡವೆಂದು ತಲೆಯಾಡಿಸಿ, ಸೂಜಿಗಳನ್ನು ತೆಗೆದು ಕಾಲರಿಗೆ ಚುಚ್ಚಿಕೊಂಡ. ಮಗ ಹೇಳಲಾಗದೆ ಹೋದ ಮಾತು ಅದು. ತಾನೇ ಹೇಳಬೇಕು.

*

ಎಲ್ಲರಿಗೂ ಹೊಂದುವ ಪಠ್ಯಕ್ರಮ ಮಾಡುತ್ತೇವೆಂದು ಯೂನಿವರ್ಸಿಟಿಯವರು ಕಟ್ಟಿದ ಸಮಿತಿಗೆ ವಿದ್ಯಾರ್ಥಿಗಳೂ ಬೇಕಿತ್ತು, ಫೋಟೋಕ್ಕಾದರೂ. ಹುಡುಗನನ್ನು ಸೇರಿಸಿಕೊಂಡರು. ಅಧ್ಯಕ್ಷೆ ಮೇಡಂ ಒಳ್ಳೆಯ ಹೆಂಗಸು. ಅವನು ತಡವರಿಸಿದರೆ ಪಾಪ ಎನಿಸಿ ಮಾತು ಮುಗಿಸಿಕೊಡುತ್ತಿದ್ದರು. ವೈವಾದಲ್ಲಿ ಬಾಯಿಬಿಟ್ಟು ಉತ್ತರ ಹೇಳಲಾಗದವರು ಬರೆದು ಕೊಡುವಂತಿರಲಿ ಎಂದು ಕೇಳಲು ಅವನು ಎದ್ದುನಿಂತ.

"ವೈವಾ ಪ... ಪರೀಕ್ಷೇನ..."

"ಜಾಸ್ತಿ ಮಾಡಿ ಅಂತಾನೆ," ಎಂದರು ಮೇಡಂ. "ಆಗ ಮಾತಾಡೋ ಧೈರ್ಯ ಬರುತ್ತಲ್ಲ."

ಅವನ ಮುಂದಿನ ಅಕ್ಷರ ಹೊರಡುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು. ಆಮೇಲೆ ಬರೆದುಕೊಂಡು ಹೋದರೆ, ನಿನ್ನ ಬಾಯಲ್ಲೇ ಕೇಳೋದು ಚೆಂದ ಎಂದು ಓದದೆ ವಾಪಸು ಕೊಟ್ಟರು. ಹೊಸ ಪಠ್ಯಕ್ರಮದಲ್ಲಿ ಅರ್ಧ ಅಂಕ ವೈವಾಕ್ಕೇ ಹೋಯಿತು, ಅವನ ಸಲಹೆಯೆಂದೇ. ಅದರಲ್ಲೇ ಅವನು ಎರಡು ಸಲ ಫೇಲಾದ.

ತಾಯಿಯಿಲ್ಲದ ಆ ಮನೆಯಲ್ಲಿ ಮಾತ್ರ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುತ್ತಿದ್ದರು, ಊಟ ಆರಿಹೋದರೂ. ಫೇಲಾದ ಮೇಲೆ ಅದೂ ನಿಂತಿತು. ಮಗ ಹೊಲಿಗೆ ಮಿಷನ್ನಿನ ಪಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡು ಕೂತಿರುತ್ತಿದ್ದ.

*

ಹೆಣ ಇಳಿಸಿದ ಗುಂಡಿಯ ಪಕ್ಕ ನಿಂತು ಮೇಡಂ ಚೆನ್ನಾಗಿಯೇ ಮಾತಾಡಿದರು. ವೈವಾದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಹುಡುಗನ ಹೆಸರಲ್ಲಿ ಪದಕ ಕೊಡುತ್ತಾರಂತೆ. ಸಹಪಾಠಿಗಳು ಕಣ್ಣೊರೆಸಿಕೊಂಡರು.

ದರ್ಜಿ ಮುಂದೆ ಬಂದ. ಬೆಳಗಿನಿಂದ ಉರುಹೊಡೆದ ಮಾತು ಇಷ್ಟೇ: ನನ್ನ ಮಗ ಆ ಪರೀಕ್ಷೆಯನ್ನು ಬೇಕೆಂದು ಕೇಳಿರಲಿಲ್ಲ.

"ನ... ನನ್ನ ಮಗ ಆ ಪ... ಪರೀಕ್ಷೇನ..."

ಮೇಡಂ ಅವನ ಭುಜದ ಮೇಲೆ ಕೈಯಿಟ್ಟರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ತನ್ನ ಮಗನೇ ತಂದದ್ದು ಅಂತ ಹೆಮ್ಮೆ ಇವರಿಗೆ," ಎಂದರು.

ಜನ ತಲೆದೂಗಿದರು. ದರ್ಜಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೊದಲ ಹಿಡಿ ಮಣ್ಣು ಬಿದ್ದಾಗಿತ್ತು. ಅವನು ಕಾಲರಿನಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಕಚ್ಚಿಕೊಂಡ.